ಬೋಲ್ಟ್ ಸಿಗದ ಪುಟ್ಟ ಮಂಚ

ಮಗುವಿನ ಮಂಚದ ಫೋಟೋ ನೋಡುತ್ತಲೇ ಡೆಕ್ಲನ್‌ನ ಮುಖದ ನಗು ಅಳಿಸಿಹೋಯಿತು.

"ಇದು ನಿನಗೆಲ್ಲಿ ಸಿಕ್ತು, ರೊವೀನಾ?"

"ನಮ್ಮ ಬೀದೀಲೇ. ಬೇಕಾದವ್ರು ಒಯ್ಲಿ ಅಂತ ಯಾರೋ ಮನೆ ಮುಂದೆ ಹುಲ್ಲಿನ ಮೇಲೆ ಇಟ್ಟಿದ್ರು. ಬೋಲ್ಟ್ ಮಾತ್ರ ಇಲ್ಲ."

ಹೋಬಾರ್ಟ್ ಊರಿನ ಹೊರಗೆ, ಕಸದ ಗುಡ್ಡೆಗೆ ಅಂಟಿಕೊಂಡಿದ್ದ ಹಳೆ ಸಾಮಾನಿನ ಅಂಗಡಿ ಅದು. ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುವ, ಮನೆಯಲ್ಲೇ ಜೋಡಿಸಿಕೊಳ್ಳುವ ಮಂಚ, ಬೀರುಗಳ ಬೋಲ್ಟುಗಳನ್ನು ಡೆಕ್ಲನ್ ಮಾದರಿ ಸಂಖ್ಯೆಯ ಪ್ರಕಾರ ಡ್ರಾಯರುಗಳಲ್ಲಿ ಜೋಡಿಸಿಟ್ಟಿದ್ದ. ಕಂಪನಿಯವರೇ ಕೈಬಿಟ್ಟ ಮಾದರಿಗಳಿಗೂ ಅವನ ಬಳಿ ಏನಾದರೊಂದು ಸಿಗುತ್ತಿತ್ತು.

ರೊವೀನಾ ಆರು ಶನಿವಾರಗಳಿಂದ ಬರುತ್ತಿದ್ದಳು. ಮೊದಲ ಸಲ ಬೀರುವಿನ ತಿರುಪಿಗೆ. ಆಮೇಲೆ... ಸುಮ್ಮನೆ.

ಅವಳಿಗೀಗ ಎಂಟು ತಿಂಗಳು. ಕೆಲಸ ಹುಡುಕಲು ಮೆಲ್ಬರ್ನ್‌ಗೆ ಹೋದ ಮಗುವಿನ ತಂದೆ ಅಲ್ಲಿ ಬೇರೆಯವಳ ಜೊತೆ ಮನೆ ಮಾಡಿದ್ದು ಮೂರನೆಯವರಿಂದ ತಿಳಿದಿತ್ತು. ಅಂದಿನಿಂದ ಅವಳಿಗೆ ಬಡತನಕ್ಕಿಂತ ಸುಳ್ಳಿನ ಭಯ ಹೆಚ್ಚು. ಡೆಕ್ಲನ್ ಹೆಚ್ಚು ಮಾತಾಡುವವನಲ್ಲ. ಅವಳು ಬರುವ ಹೊತ್ತಿಗೆ ಒಂದು ಕುರ್ಚಿ ಒರೆಸಿಟ್ಟು, ಚಹಾ ಮಾಡಿರುತ್ತಿದ್ದ. ಅಷ್ಟೇ ಅವಳಿಗೆ ವಾರವಿಡೀ ನೆನಪಿರುತ್ತಿತ್ತು.

"ಅದನ್ನ ಜೋಡಿಸ್ಬೇಡ. ಪಕ್ಕದ ಕಟಕಟೆ ಮೇಲೆ ಕೆಳಗೆ ಜಾರುತ್ತಲ್ಲ, ಆ ಮಾದರಿ ಮಾರೋದನ್ನ ಕಂಪನಿಯವ್ರೇ ನಿಲ್ಲಿಸಿ ಎಷ್ಟೋ ವರ್ಷ ಆಯ್ತು. ಒಡೆದು ಹಾಕು" ಎಂದ.

ಅವಳ ಕಣ್ಣು ಅರೆ ತೆರೆದ ಡ್ರಾಯರಿನಲ್ಲಿ ನಿಂತಿತ್ತು. ಅಲ್ಲೊಂದು ಪುಟ್ಟ ಪ್ಲಾಸ್ಟಿಕ್ ಚೀಲ, ಒಳಗೆ ಎಂಟು ಬೋಲ್ಟು. ಮೇಲೆ ಅವಳ ಮಂಚದ್ದೇ ಮಾದರಿ ಸಂಖ್ಯೆ. ಅದಕ್ಕೆ ಅಂಟಿದ್ದ ಹಸಿರು ಟೇಪಿನ ಇನ್ನರ್ಧ ಅವಳ ಮನೆಯ ಮಂಚದ ಕಾಲಿನ ಮೇಲಿತ್ತು.

ಡೆಕ್ಲನ್ ಡ್ರಾಯರ್ ಮುಚ್ಚಿದ.

"ನನ್ನ ಮಂಚದಿಂದ ಕಿತ್ಕೊಂಡಿದ್ದು ನೀನಾ?"

"ಹೌದು. ಆದ್ರೆ ಮಾರೋಕಲ್ಲ."

ಮತ್ತೆ ಯಾಕೆ ಎಂದು ಅವಳು ಮೂರು ಸಲ ಕೇಳಿದಳು. ಅವನು ನೆಲ ನೋಡುತ್ತ ನಿಂತ.

*ಇವನೂ ಅವನ ಹಾಗೇನಾ...*

ಹಿಂದಿರುಗುವಾಗ ಬೆಟ್ಟದ ಹಿಮದ ಮೇಲಿಂದ ಬಂದ ಗಾಳಿ ಕತ್ತಿಯಂತಿತ್ತು. ದಾರಿಯ ಕಬ್ಬಿಣದ ಅಂಗಡಿಯಲ್ಲಿ ಅಂಥದ್ದೇ ಕಾಣುವ ಎಂಟು ಬೋಲ್ಟು ಕೊಂಡಳು. ಸಂಜೆಯೊಳಗೆ ಮಂಚ ನಿಂತಿತು. ಕಟಕಟೆ ಏರಿಸಿದಳು, ಇಳಿಸಿದಳು. ಕೆಳಗೆಲ್ಲೋ 'ಟಿಕ್' ಎಂದಿತು. ಅವಳು ಬಗ್ಗಿ ನೋಡಿದಳು. ಎಲ್ಲ ಸರಿಯಾಗಿಯೇ ಇತ್ತು.

ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಡೆಕ್ಲನ್ ನಿಂತಿದ್ದ. ಬೀದಿಯ ಒಂದೊಂದು ಮನೆಯಲ್ಲೂ ಅವಳ ಹೆಸರು ಹೇಳಿ ಕೇಳಿಕೊಂಡು ಬಂದಿದ್ದ. ಕಂಕುಳಲ್ಲಿ ಏಳು ಕಿಲೋ ಆಲೂಗಡ್ಡೆ ಚೀಲ.

"ಜೋಡಿಸಿಬಿಟ್ಟಿದ್ದೀಯಾ?"

"ಅದನ್ನ ಕೇಳೋಕೆ ನೀನ್ಯಾರು?"

"ಯಾರೂ ಅಲ್ಲ. ಹತ್ತು ನಿಮಿಷ ಕೊಡು. ಆಮೇಲೆ ಬೇಕಾದ್ರೆ ನನ್ನ ಹೊರಗೆ ಹಾಕು."

ಅವನು ಚೀಲವನ್ನು ಪುಟ್ಟ ಮಂಚದ ಹಾಸಿಗೆಯ ಮೇಲೆ ಕಟಕಟೆಗೆ ಒರಗಿಸಿ ಮಲಗಿಸಿದ. ಕಟಕಟೆಯನ್ನು ಏರಿಸಿ ಇಳಿಸತೊಡಗಿದ. ಟಿಕ್. ಟಿಕ್. ಅವಳು ಎಣಿಸುತ್ತಿದ್ದಳು. ಹದಿನಾರನೆಯ ಸಲ ಕೆಳಗಿನ ಮೂಲೆ ಸದ್ದಿಲ್ಲದೆ ಹೊರಗೆ ಬಾಗಿತು. ಚೀಲ ಮೆಲ್ಲಗೆ ಉರುಳಿ ಹಾಸಿಗೆಗೂ ಕಟಕಟೆಗೂ ನಡುವಿನ ಸಂದಿಗೆ ಇಳಿದು, ಅಲ್ಲೇ ಸಿಕ್ಕಿಕೊಂಡಿತು.

ರೊವೀನಾ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಳು.

"ನನ್ನ ತಂಗಿ ಮಗು ಹೀಗೇ ಉಸಿರುಗಟ್ಟಿ ಹೋಯ್ತು. ಏಳು ತಿಂಗಳು. ಬೋಲ್ಟ್ ಕಳೆದಿತ್ತು, ಅಂಥದ್ದೇ ಹುಡುಕಿ ಹಾಕಿದ್ದು ನಾನು" ಎಂದ ಡೆಕ್ಲನ್. "ತಂಗಿ ಇವತ್ತಿಗೂ ನನ್ನ ಜೊತೆ ಮಾತಾಡಲ್ಲ."

ಉಳಿದದ್ದನ್ನು ತಡೆದು ತಡೆದು ಹೇಳಿದ. ಅವಳು ಒಯ್ಯುವ ಮುಂಚೆ, ಸೈಕಲ್ಲಿನಲ್ಲಿ ಹೋಗುತ್ತ ಈ ಮಂಚವನ್ನು ಕಂಡಿದ್ದ. ಹುಲ್ಲಿನ ಮೇಲಿಟ್ಟ ಸಾಮಾನನ್ನು ಯಾರು ಬೇಕಾದರೂ ಒಯ್ಯಬಹುದು. ಆದರೆ ಬೇರೆಯವರಿಗೆ ಸಿಗದಂತೆ ಅಲ್ಲೇ ಒಡೆದು ಹಾಕುವುದು ಈ ಊರಿನಲ್ಲಿ ಮರ್ಯಾದೆಯಲ್ಲ. ಬೋಲ್ಟ್ ಇಲ್ಲದ ಮಂಚ ಯಾರಿಗೆ ಬೇಕು ಎಂದು ಬೋಲ್ಟಿನ ಚೀಲವನ್ನಷ್ಟೇ ಕಿತ್ತುಕೊಂಡು ಹೋಗಿದ್ದ. ಸಂಜೆ ಗಾಡಿ ತಂದಾಗ ಮಂಚ ಇರಲಿಲ್ಲ.

"ನಿನ್ನೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮತ್ತೆ ಬರಲ್ಲ ಅನ್ನಿಸ್ತು. ಶನಿವಾರಕ್ಕೆ ಕಾಯೋದು ನನಗೆ ಅಭ್ಯಾಸ ಆಗಿಹೋಗಿದೆ, ರೊವೀನಾ. ಆ ಆಸೆಗೆ ಹುಟ್ಟೋ ಮಗೂಗೆ ಇರೋ ಅಪಾಯಾನ ನಿನ್ನಿಂದ ಮುಚ್ಚಿಟ್ಟೆ. ಅದನ್ನ ನೀನು ಕ್ಷಮಿಸ್ಬೇಕಾಗಿಲ್ಲ."

ಅವಳು ನೆರೆಮನೆಯಿಂದ ಗರಗಸ ತಂದಳು. ಇಬ್ಬರೂ ಸೇರಿ ಮಂಚವನ್ನು, ಯಾರೂ ಮತ್ತೆ ಜೋಡಿಸಲಾಗದಷ್ಟು ಚಿಕ್ಕ ತುಂಡುಗಳಾಗಿ ಕತ್ತರಿಸಿದರು. ಮುಗಿದಾಗ ಮಗುವಿನ ಕೋಣೆ ಖಾಲಿಯಾಗಿತ್ತು. ಹೆರಿಗೆಗೆ ಹತ್ತೊಂಬತ್ತು ದಿನವಿತ್ತು.

ಅವನು ಕೋಟು ಎತ್ತಿಕೊಂಡ. ಅವಳು ಅವನ ತೋಳು ಹಿಡಿದಳು.

"ನನಗೆ ಭಯ ಆಗ್ತಿದೆ, ಡೆಕ್ಲನ್."

"ನನಗೂ."

"ಹಾಗಾದ್ರೆ ಹೋಗ್ಬೇಡ."