ಅವನು ತಟ್ಟಿದ್ದ

ಸಭೆಯ ಕೋಣೆಯ ಬಾಗಿಲಲ್ಲೇ ಅವನು ಎದುರಾದ.

ಐದು ತಿಂಗಳ ನಂತರ!

ಕಿಡಿಯ ಕಣ್ಣು ತಾನಾಗಿಯೇ ಅವನ ಬಲ ಮೊಣಕಾಲಿಗೆ ಇಳಿಯಿತು. ಪ್ಯಾಂಟಿನ ಮೇಲೆ ಕಪ್ಪು ಪಟ್ಟಿ... ಕೈಯಲ್ಲಿ ಊರುಗೋಲು.

"ಚೆನ್ನಾಗಿದೀಯಾ?" ಎಂದ ಅವನು.

ಕೇಳಬೇಕಾದವಳು ತಾನು! ಬರೀ ತಲೆಯಾಡಿಸಿ ಒಳಗೆ ನುಗ್ಗಿದಳು.

ಮುಟ್ಟಿದರೆ ಸುಡುತ್ತಾಳೆಂದು ಜಿಮ್ಮಿನವರು ಇಟ್ಟ ಹೆಸರು ಕಿಡಿ. ಅವನು ಟೈಲ್ಸ್ ಹಾಕುವ ಕೆಲಸದವನು. ಸಂಜೆಯಾದರೆ ಅವಳ ಜೊತೆ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಅಭ್ಯಾಸಕ್ಕೆ ಬರುತ್ತಿದ್ದ. ಉಗುರಿನ ಸಂದಿಯಲ್ಲಿ ಸಿಮೆಂಟು, ಬಾಯಿ ತುಂಬ ತಮಾಷೆ. ಯಾವಾಗ ಮನಸ್ಸಿಗೆ ಇಳಿದನೋ ಅವಳಿಗೇ ತಿಳಿಯಲಿಲ್ಲ.

ಆಮೇಲೆ ಆ ಸಂಜೆ... ಅವನ ಹಿಮ್ಮಡಿಯನ್ನು ಕಂಕುಳಲ್ಲಿ ಸಿಕ್ಕಿಸಿ ತಿರುಚಿದ್ದಳು. ಮೊಣಕಾಲಿನೊಳಗೆ ಲಟ್ ಎಂದಿತ್ತು. ಕುಕ್ಕರಗಾಲಲ್ಲಿ ಕೂರಲಾಗದವನಿಗೆ ಈಗ ಟೈಲ್ಸ್ ಕೆಲಸ ಯಾರು ಕೊಡುತ್ತಾರೆ?

ಆ ಹಿಮ್ಮಡಿ ಪಟ್ಟನ್ನು ನಿಷೇಧಿಸಬೇಕೇ ಬೇಡವೇ ಎಂದು ತೀರ್ಮಾನಿಸಲು ಇಂದು ಆ ಆಟದ ಸಂಘದ ಸಭೆ.

ಕೋಚ್ ಎದ್ದು ನಿಂತರು. "ಚಾಕುವಿಂದ ಬೆರಳು ಕುಯ್ದುಕೊಂಡ್ರೆ ಚಾಕುನೇ ಬ್ಯಾನ್ ಮಾಡ್ತೀರಾ ಸಾರ್? ಪಟ್ಟಿನ ತಪ್ಪಿಲ್ಲ. ಸೋತೆ ಅಂತ ತಟ್ಟಿದ್ರೆ ಎದುರಿನವರು ಬಿಡ್ತಾರೆ. ಇವನು ಹಟಕ್ಕೆ ಬಿದ್ದ. ತಟ್ಟಲಿಲ್ಲ, ಅನುಭವಿಸಿದ."

ಕಿಡಿ ತಲೆ ತಗ್ಗಿಸಿದಳು. ಕೋಚ್‌ಗೆ ಹಾಗೆಂದು ಹೇಳಿದ್ದವಳು ಅವಳೇ!

ಅಧ್ಯಕ್ಷರು ಹಳೆಯ ರೆಫರಿ. ಅವನತ್ತ ತಿರುಗಿದರು. "ನೀನು ತಟ್ಟಿದ್ಯೇನಪ್ಪಾ?"

ಅವನು ಅವಳ ಕಡೆ ನೋಡಲಿಲ್ಲ. "ಸರಿಯಾಗಿ ನೆನಪಿಲ್ಲ ಸಾರ್."

ಸುಳ್ಳು...! ಅವಳ ತೊಡೆಯ ಮೇಲೆ ಎರಡು ಸಲ ತಟ್ಟಿದ್ದ. ಆ ಬೆರಳುಗಳು ಇವತ್ತಿಗೂ ಅವಳನ್ನು ನಿದ್ದೆಯಿಂದ ಎಬ್ಬಿಸುತ್ತಿದ್ದವು. ಕಾಲು ಮುರಿಸಿಕೊಂಡವನೇ ಅವಳ ಮಾನ ಕಾಯುತ್ತಿದ್ದಾನೆ! ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಅವಳಿಗೆ.

"ಅವನು ತಟ್ಟಿದ ಸಾರ್!"

ತಾನು ಯಾವಾಗ ಎದ್ದು ನಿಂತೆನೆಂದೂ ಅವಳಿಗೆ ಗೊತ್ತಿರಲಿಲ್ಲ.

"ಎರಡು ಸಲ ತಟ್ಟಿದ. ನಂಗೆ ಗೊತ್ತಾಯ್ತು. ಆದ್ರೂ... ಬಿಡಲಿಲ್ಲ."

"ಏನ್ ಮಾತಾಡ್ತಿದೀಯಮ್ಮಾ?" ಕೋಚ್ ಹಲ್ಲು ಕಚ್ಚಿದರು. "ಮುಂದಿನ ತಿಂಗಳು ಫೈನಲ್ ಇದೆ, ಕೂತ್ಕೋ!"

"ಇಲ್ಲ ಸಾರ್. ನಿಮ್ಮ ಹತ್ರಾನೂ ಸುಳ್ಳು ಹೇಳ್ದೆ. ಅವತ್ತು ಸಿಟ್ಟಿತ್ತು. ಸ್ವಲ್ಪ ನೋಯ್ಲಿ ಅಂತ ಒಂದು ಕ್ಷಣ ಜಾಸ್ತಿ ಹಿಡ್ಕೊಂಡೆ. ಆದ್ರೆ ಈ ಪಟ್ಟಲ್ಲಿ ನೋವು ಬರೋದೇ ಕೊನೇಲಿ. ಅಷ್ಟೊತ್ತಿಗೆ ಒಳಗೆಲ್ಲಾ ಹರಿದಿರುತ್ತೆ... ನನ್ನಂಥವರ ಕೈಗೆ ಇದನ್ನ ಕೊಡಬೇಡಿ. ಬ್ಯಾನ್ ಮಾಡಿ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸುತ್ತ ಕೂತರು. ಕೊನೆಗೆ ಅಭ್ಯಾಸದಲ್ಲಿ ಮತ್ತು ಹವ್ಯಾಸಿ ಪಂದ್ಯಗಳಲ್ಲಿ ಆ ಪಟ್ಟು ಕೂಡದೆಂದರು. ವೃತ್ತಿಪರರ ವಿಷಯ ಇನ್ನೊಂದು ಸಭೆಗೆ ಹೋಯಿತು. ಕಿಡಿಗೆ ಒಂದು ವರ್ಷ ಆಟವಿಲ್ಲ.

ಅವಳು ಹೊರಗೆ ಬಂದು ಬೆಂಚಿನ ಮೇಲೆ ಕುಸಿದಳು. ಊರುಗೋಲಿನ ಸದ್ದು ಹತ್ತಿರ ಬಂದು ನಿಂತಿತು.

"ಸಿಟ್ಟಿತ್ತು ಅಂದ್ಯಲ್ಲ... ಯಾಕೆ?"

"ನೀನು ಕೋಚ್ ಹತ್ರ ಹೇಳಿದ್ದು ಕೇಳಿಸ್ಕೊಂಡೆ. 'ಅವಳನ್ನ ಪಂದ್ಯಕ್ಕೆ ಇಳಿಸಬೇಡಿ, ಅವಳ ಕೈಲಾಗಲ್ಲ' ಅಂದೆ. ಬೇರೆ ಯಾರಾದ್ರೂ ಅಂದಿದ್ರೆ ನಕ್ಕುಬಿಡ್ತಿದ್ದೆ. ನೀನು ಅಂದ್ಯಲ್ಲಾ..."

"ಅರ್ಧ ಕೇಳಿಸ್ಕೊಂಡು ಓಡಿದ್ಯಲ್ಲೇ, ಪೆದ್ದಿ!" ಅವನು ಊರುಗೋಲನ್ನು ನೆಲಕ್ಕೆ ಕುಟ್ಟಿದ. "ಆ ವಾರ ನಿನ್ನ ತಲೆಗೆ ಪೆಟ್ಟು ಬಿದ್ದು ಎರಡು ಸಲ ವಾಂತಿ ಮಾಡ್ಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ ನೀನು. ಅದಕ್ಕೇ ವಾಸಿಯಾಗೋವರೆಗೂ ಅವಳ ಕೈಲಾಗಲ್ಲ ಅಂದೆ ನಾನು. ಭಯ ಆಗಿತ್ತು ಕಣೇ ನಂಗೆ..."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಯ್ಯೋ... ನನಗೇನಾಗುತ್ತೋ ಅಂತ ಹೆದರಿದವನ ಕಾಲನ್ನೇ...

"ಒಳಗೆ ಯಾಕೆ ಸುಳ್ಳು ಹೇಳ್ದೆ?" ಬೆರಳುಗಳ ಸಂದಿಯಿಂದಲೇ ಕೇಳಿದಳು.

"ನಿನ್ನ ಬಾಯಿಂದಲೇ ಬರ್ಲಿ ಅಂತ ಐದು ತಿಂಗಳು ಕಾದೆ. ನಾನಾಗಿ ಹೇಳಿ ಗೆದ್ದು ಏನು ಮಾಡ್ಲಿ? ಸಿಟ್ಟಿದೆ ನಂಗೆ. ಇವತ್ತೂ ಇದೆ."

"ಇರ್ಲಿ. ಇರಬೇಕು."

"ಆದ್ರೆ ದಿನಾ ಸಂಜೆ ನೀನು ಬರ್ತೀಯೇನೋ ಅಂತ ರಸ್ತೆ ನೋಡ್ತಿದ್ದೆ."

"ಬಂದಿದ್ದೆ... ನಿಮ್ಮ ಬೀದಿ ತಿರುವಿನವರೆಗೂ. ಎಷ್ಟು ಸಲವೋ! ಮುಖ ತೋರಿಸೋ ಧೈರ್ಯ ಆಗ್ಲಿಲ್ಲ. ನಿನ್ನ ಪ್ರೀತಿಸ್ತೀನಿ ಅಂತ ಹೇಳೋ ಯೋಗ್ಯತೆನೂ ಇಲ್ಲ ನಂಗೆ."

"ಹೇಳೇಬಿಟ್ಯಲ್ಲ!"

ಅವನು ಅಳುವೋ ನಗುವೋ ತಿಳಿಯದ ಹಾಗೆ ಉಸಿರು ಬಿಟ್ಟ. ಕಾಲು ನೀಡಿಕೊಂಡು ಮೆಲ್ಲಗೆ ಅವಳ ಪಕ್ಕದಲ್ಲಿ ಕೂತ.

"ನಾಳೆ ಒಂಬತ್ತಕ್ಕೆ ಫಿಸಿಯೋ ಹತ್ರ ಹೋಗ್ಬೇಕು. ಅವರು ಕಾಲು ಮಡಿಸಿದಾಗ ಪ್ರಾಣ ಹೋಗುತ್ತೆ. ಹಿಡ್ಕೊಳ್ಳೋಕೆ ಒಂದು ಕೈ ಬೇಕು... ಬರ್ತೀಯಾ?"

"ಎಂಟೂವರೆಗೇ ನಿಮ್ಮನೆಗೆ ಬರ್ತೀನಿ."

"ಅಮ್ಮ ನಿನ್ನ ಮೇಲೆ ಕೆಂಡ ಕಾರ್ತಿದ್ದಾರೆ. ಚೆನ್ನಾಗಿ ಬೈತಾರೆ, ನೋಡು."

ಕಿಡಿ ಕಣ್ಣೊರೆಸಿಕೊಂಡು, ಅಂದು ಮೊದಲ ಸಲ ಅವನ ಮುಖ ನೋಡಿದಳು.

"ಬೈಸ್ಕೋತೀನಿ."