ಮೊಳೆಯಿಲ್ಲದ ಮನೆ

ಮನೆಯನ್ನು ಬಿಚ್ಚಿ ಮಾರುವ ಸುದ್ದಿಯನ್ನು ಅಣ್ಣ ಹೇಳಿದ್ದು ಬಾಯಿ ಮುಕ್ಕಳಿಸುತ್ತಾ. ಹೋಟೆಲು ಕಟ್ಟುವವರು ಕಂಬ, ತೊಲೆ, ಬಾಗಿಲುಗಳನ್ನೆಲ್ಲ ಕಳಚಿಕೊಂಡು ಹೋಗುತ್ತಾರಂತೆ. ಮಧ್ಯಾಹ್ನ ಸಹಿಯಂತೆ.

"ನನ್ನ ಮನೇಲಿ ನಿಂಗೊಂದು ರೂಮಿದೆಯಲ್ಲ, ಪುಟ್ಟಿ," ಎಂದ. ಅತ್ತಿಗೆ ಹೋದಮೇಲೆ ಅಲ್ಲಿ ಅವನೂ ಒಬ್ಬನೇ. ತಲೆ ನರೆತ ಅವಳನ್ನು ಪುಟ್ಟಿ ಎನ್ನುವವರೂ ಅವನನ್ನು ಬಿಟ್ಟರೆ ಬೇರೆ ಯಾರೂ ಉಳಿದಿರಲಿಲ್ಲ.

ಒಡೆದ ಹಡಗಿನ ಮರ ತಂದು ಮುತ್ತಜ್ಜ ಕಟ್ಟಿದ ಮನೆ. ಹುಡುಕಿದರೂ ಒಂದು ಮೊಳೆ ಸಿಗದು. ಮರಕ್ಕೆ ಮರ ಕಚ್ಚಿಸಿ ಬೆಣೆ ಬಡಿದದ್ದು. ಮನೆಯ ಈ ಹೆಚ್ಚುಗಾರಿಕೆಯೇ ಈಗ ಅದಕ್ಕೆ ಮುಳುವಾಗಿತ್ತು: ಬಿಚ್ಚುವುದು ಸುಲಭ. ಅಮ್ಮ ಹೋದಂದಿನಿಂದ ಅವಳೊಡನೆ ಮಾತಾಡುತ್ತಿದ್ದದ್ದು ಈ ಮರವೊಂದೇ. ಬಿಸಿಲೇರಿದರೆ ತೊಲೆ ಲಟಕ್ಕೆನ್ನುತ್ತಿತ್ತು, ಸಂಜೆ ತಂಪಿಗೆ ಹಲಗೆಗಳು ನಿಟ್ಟುಸಿರಿಡುತ್ತಿದ್ದವು. ಅಣ್ಣನ ಸಿಮೆಂಟಿನ ಮನೆಯಲ್ಲಿ ಒಮ್ಮೆ ಮಲಗಿದ್ದಳು. ತನ್ನ ಉಸಿರೇ ಕೇಳಿಸಿ ಕಣ್ಣು ಮುಚ್ಚಿರಲಿಲ್ಲ.

ಅಟ್ಟದ ಮೆಟ್ಟಿಲು ಏಣಿಯಷ್ಟು ಕಡಿದು; ಕೆಳಗೆ ಕಲ್ಲುಚಪ್ಪಡಿ. ಮೇಲ್ಗಡೆಯ ಒಂದು ಮೆಟ್ಟಿಲು ಹಿಂದಿನಿಂದಲೂ ಕಿರುಗುಟ್ಟುತ್ತಿತ್ತು. ಅವಳು ಆರಿಸಿಕೊಂಡದ್ದು ಅದನ್ನೇ, ಮುರಿದರೆ ಯಾರಿಗೂ ಆಶ್ಚರ್ಯವಾಗದು. ಮನೆಗೆ ಗೆದ್ದಲು ಹಿಡಿದಿದೆಯೆಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದವನು ಅಣ್ಣನೇ. ಅವನ ಮಾತೇ ಅವಳ ಪರ ಸಾಕ್ಷಿ. ಮೆಟ್ಟಿಲಿನ ಬೆಣೆಯನ್ನು ಕಿತ್ತು ಒಲೆಗೆ ಹಾಕಿದರೆ ಬೂದಿ. ಆಮೇಲೆ ಅಳಬೇಕು. ಅಳು ತಾನಾಗಿ ಬರುತ್ತದೆಂದು ಅವಳಿಗೆ ಗೊತ್ತಿತ್ತು, ಅದಕ್ಕೆ ನಟನೆ ಬೇಕಿರಲಿಲ್ಲ.

ತಿಂಡಿ ತಿಂದು ಅಣ್ಣ ಸಾಮಾನು ತರಲು ಮೇಲೆ ಹೋದ. ಹತ್ತಿದ್ದೇ ಅವಳಿಗೆ ಕೇಳಿಸಲಿಲ್ಲ. ಎದೆ ಅಷ್ಟು ಬಡಿದುಕೊಳ್ಳುತ್ತಿತ್ತು. ಅವನು ಟ್ರಂಕು ಎಳೆದಾಡುವ ಗದ್ದಲದಲ್ಲಿ ಮೆಟ್ಟಿಲ ಕೆಳಗಿನ ಗೂಡಿಗೆ ನುಗ್ಗಿ, ಸ್ಟೂಲು ಹತ್ತಿ, ಕೊಡತಿಯಿಂದ ಮೆಲ್ಲನೆ ಬಡಿದಳು. ಬೆಣೆ ಹಾಲುಹಲ್ಲಿನಂತೆ ಕೈಗೆ ಬಂತು. ಒಲೆಯತ್ತ ಹೊರಟವಳಿಗೆ ಮೇಲೆ ಹೆಜ್ಜೆ ಕೇಳಿಸಿತು. ಬೆಣೆಯನ್ನು ಮುಷ್ಟಿಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಳು.

ಅಣ್ಣ ಚೀಲ ಹಿಡಿದು ಇಳಿದ. ಆ ಮೆಟ್ಟಿಲು ಬಂದದ್ದೇ ಮುದಿಗಾಲನ್ನು ನೀಡಿ, ಸಲೀಸಾಗಿ ಅದನ್ನು ದಾಟಿ ಕೆಳಗೆ ಬಂದ. "ಕಾಲಿಗಿನ್ನೂ ನೆನಪಿದೆ ನೋಡೇ. ಅಪ್ಪಂಗೆ ಎಚ್ಚರ ಆಗುತ್ತೆ ಅಂತ ನಿನ್ನನ್ನ ಬೆನ್ನ ಮೇಲೆ ಕೂರಿಸ್ಕೊಂಡು ದಾಟ್ತಿದ್ನಲ್ಲ?" ಅವಳ ಕಾಲೂ ಇಷ್ಟು ವರ್ಷ ಅದನ್ನು ದಾಟಿಯೇ ಇಳಿಯುತ್ತಿತ್ತು; ಕಲಿಸಿದವನು ಯಾರೆಂಬುದು ಮರೆತುಹೋಗಿತ್ತು. ಅಣ್ಣ ಚೀಲವನ್ನಿಟ್ಟು ಟ್ರಂಕಿಗೆಂದು ಮತ್ತೆ ಹತ್ತತೊಡಗಿದ. "ಇವತ್ತು ಬೈಯೋರು ಯಾರಿದ್ದಾರೆ? ಕೊನೇ ಸಲ ಒಂದ್ಸಾರಿ ಕಿರ್ ಅನ್ನಿಸ್ಬಿಡ್ತೀನಿ," ಎಂದು ನಗುತ್ತ ಆ ಮೆಟ್ಟಿಲಿಗೆ ಕಾಲೆತ್ತಿದ. "ಬೇಡಣ್ಣ, ಅದರ ಬೆಣೆ ತೆಗ್ದಿದ್ದೀನಿ." ಮಾತು ತಾನಾಗಿ ಹೊರಬಿದ್ದಿತ್ತು. ಎತ್ತಿದ ಕಾಲು ಎತ್ತಿದಂತೆಯೇ ಅಣ್ಣ ಹಿಂದಿರುಗಿ ನೋಡಿದ, ಮೊದಲು ಅವಳ ಮುಖವನ್ನು, ಆಮೇಲೆ ಅವಳ ಮುಷ್ಟಿಯನ್ನು.