ಬಾತ್‌ನಲ್ಲಿ ನಾಲ್ಕು ದಿನ

"ಹನಿಮೂನ್ ಪ್ಯಾಕೇಜ್ ಬೇಕಿತ್ತು. ಇಬ್ಬರಿಗೆ. ಇಂಗ್ಲೆಂಡಿನ ಬಾತ್ ಸಿಟಿಗೆ."

ಡಿಕ್ಸನ್ ಎರಡು ಪಾಸ್‌ಪೋರ್ಟ್‌ಗಳನ್ನು ಮೇಜಿನ ಮೇಲಿಟ್ಟು, ಜಾನಿಸ್ ಪಾಯ್ಸ್‌ಳ ಮುಖವನ್ನೇ ನೋಡುತ್ತ ನಿಂತ.

ದುಬೈಯ ಕರಾಮದ ಈ ಟ್ರಾವೆಲ್ ಏಜೆನ್ಸಿಯಲ್ಲಿ ಕೂತು ಜಾನಿಸ್ ಎಷ್ಟೋ ಜನರನ್ನು ಬಾತ್‌ಗೆ ಕಳಿಸಿದ್ದಳು. ತಾನು ಮಾತ್ರ ಹೋಗಿರಲಿಲ್ಲ. ಮದುವೆಯಾಗಿ ಇವನ ಜೊತೆಗೇ ಹೋಗಬೇಕೆಂದು ಕಾದಿದ್ದಳು, ಅದು ಇವನಿಗೂ ಗೊತ್ತಿತ್ತು. ದುಬೈಯಲ್ಲಿ ಬೇರೆ ಏಜೆನ್ಸಿಗಳಿಗೆ ಬರವೇ? ಬೇಕೆಂದೇ ಬಂದಿದ್ದ.

2015ರ ಮೇ ತಿಂಗಳಲ್ಲಿ ಮಂಗಳೂರಿಗೆ ರಜೆಗೆ ಹೋದವನು ಒಂದು ಮೆಸೇಜೂ ಹಾಕದೆ, ಸ್ಟೇಸಿ ಎಂಬವಳನ್ನು ಮದುವೆಯಾಗಿ ಮರಳಿದ್ದ.

ಅಳಬಾರದು... ಇವನ ಮುಂದೆ ಸತ್ತರೂ ಅಳಬಾರದು...

"ಕಂಗ್ರಾಟ್ಸ್. ನಾಡಿದ್ದು ಬಾ, ಪ್ಲಾನ್ ರೆಡಿ ಇರ್ತದೆ."

ಹೊಟ್ಟೆಯುರಿಯನ್ನೆಲ್ಲ ಅವಳು ನಾಲ್ಕು ದಿನಗಳ ಆ ಪ್ಲಾನಿಗೆ ಸುರಿದಳು. ಬರುವ ಜನವರಿಯ ಚಳಿಯಲ್ಲಿ ಪ್ರಯಾಣ. ಬೆಳಗ್ಗೆ ಆರಕ್ಕೆ ಬಸ್ಸು ಹತ್ತಿ ಸ್ಟೋನ್‌ಹೆಂಜ್‌ನ ಪುರಾತನ ಕಲ್ಲುಗಳ ಬಯಲಿನಲ್ಲಿ ಗಾಳಿಗೆ ನಿಲ್ಲುವುದು. ಹಳೆಯ ಉಡುಪುಗಳ ಮ್ಯೂಸಿಯಮ್ಮಿನಲ್ಲಿ ಅರ್ಧ ದಿನ. ರೋಮನ್ನರ ಸ್ನಾನಗೃಹವನ್ನು ಸೇರಿಸಿದಳು, ಅಲ್ಲಿ ಹಬೆಯಾಡುವ ನೀರನ್ನು ನೋಡಬಹುದೇ ಹೊರತು ಇಳಿಯುವಂತಿಲ್ಲ. ನಿಜಕ್ಕೂ ಇಳಿದು ಮೀಯಬಹುದಾದ ಬಿಸಿನೀರಿನ ಕೊಳವನ್ನು ಕೈಬಿಟ್ಟಳು. ಹೋಟೆಲಿನಲ್ಲಿ ಎರಡು ಸಿಂಗಲ್ ಮಂಚ!

ಎರಡು ದಿನ ಬಿಟ್ಟು ಬಂದ ಡಿಕ್ಸನ್ ಅದನ್ನು ಓದಿ ತಲೆಯೆತ್ತಿದ. "ಎಂತದು ಇದು? ಶತ್ರುವಿಗೂ ಹೀಗೆ ಮಾಡ್ತಾರಾ?"

"ನಿಂಗೆ ಇದೇ ಸಾಕು."

"ನನ್ನನ್ನು ಬೇಡ ಅಂದವಳಿಗೆ ಇಷ್ಟು ಸಿಟ್ಟು ಯಾಕೆ?"

"ಬೇಡ ಅಂತ ನಾನು ಯಾವಾಗ ಹೇಳಿದೆ?"

"ಊರಿಗೆ ಹೋದದ್ದೇ ಸಂಬಂಧ ಕೇಳ್ಲಿಕ್ಕೆ. ನಿನ್ನ ಮನೆಗೆ ಅಪ್ಪನನ್ನು ಕಳಿಸಿದೆ. ಹುಡುಗಿಗೆ ಮನಸ್ಸಿಲ್ಲ ಅಂದ್ರು ನಿನ್ನ ಅಮ್ಮ."

ಊರಿನ ರೂಢಿಯಂತೆ, ಹಿರಿಯರು ಸಂಬಂಧ ಮಾತಾಡುವಾಗ ಹುಡುಗ ನಡುವೆ ಹುಡುಗಿಗೆ ಫೋನ್ ಮಾಡಬಾರದು, ಮನೆಯ ಉತ್ತರವೇ ಹುಡುಗಿಯ ಉತ್ತರ. ಡಿಕ್ಸನ್ ಆ ಮರ್ಯಾದೆಯನ್ನು ಕಾಪಾಡಿದ್ದ. ದುಬೈಯ ಹೋಟೆಲಿನಲ್ಲಿ ವೇಟರ್ ಆಗಿರುವವನಿಗೆ ಮಗಳನ್ನು ಕೊಡಲಾರೆ ಎನ್ನಲು ಬಾಯಿ ಬಾರದ ಅಮ್ಮ ಮಗಳ ಹೆಸರನ್ನು ಮುಂದೆ ಮಾಡಿದ್ದಳು. ಒಂದೇ ಒಂದು ಫೋನ್ ಮಾಡಿದ್ದರೆ...

"ನನ್ನನ್ನು ಯಾರೂ ಕೇಳ್ಲಿಲ್ಲ ಡಿಕ್ಸನ್. ಕೇಳಿದ್ರೆ ಹೂಂ ಅಂತಿದ್ದೆ. ನಿನ್ನ ಮೇಲೆ ಅಷ್ಟು ಪ್ರೀತಿ ಇತ್ತು. ಈಗಲೂ ಉಂಟು."

ಅವನು ಪ್ಲಾನಿನ ಹಾಳೆಯನ್ನು ಮೇಜಿನ ಮೇಲಿಟ್ಟ. "ಸಿಟ್ಟಿನಲ್ಲಿ ಮೂರೇ ವಾರದೊಳಗೆ ಮದುವೆಯಾದೆ. ನಿನ್ನನ್ನು ಉರಿಸ್ಲಿಕ್ಕೆ ಅಂತಲೇ ಇಲ್ಲಿಗೆ ಬಂದೆ."

"ಸ್ಟೇಸಿಗೆ ಗೊತ್ತುಂಟಾ?"

"ಇಲ್ಲ. ಪಾಪ, ಅವಳು ಹೊಸ ಸ್ವೆಟರ್ ತಗೊಂಡಿದ್ದಾಳೆ."

ಆ ಮಾತಿಗೆ ಜಾನಿಸ್‌ಳ ಸಿಟ್ಟು ಇಳಿದೇ ಹೋಯಿತು. ಉಳಿದದ್ದು ನೋವು ಮಾತ್ರ. ಅವಳು ಕಂಪ್ಯೂಟರ್ ಕಡೆ ತಿರುಗಿ ಎರಡು ಮಂಚ ತೆಗೆದು ಒಂದು ಮಾಡಿದಳು. ಬಿಸಿನೀರಿನ ಕೊಳವನ್ನು ಸೇರಿಸಿದಳು.

"ಜಾನಿಸ್..."

"ಮಾತಾಡ್ಬೇಡ. ಅವಳಿಗೆ ಚಳಿ ತಡೀತದಾ?"

"ಇಲ್ಲ."

"ಹಾಗಾದ್ರೆ ಜನವರಿ ಬೇಡ, ಜೂನಿಗೆ ಹಾಕ್ತೇನೆ."

ಪ್ರಿಂಟರ್‌ನಿಂದ ಹಾಳೆ ಬಂತು. ಅದನ್ನು ಅವನ ಕಡೆ ಸರಿಸುವಾಗ ಅವಳ ಕಣ್ಣು ತುಂಬಿತ್ತು.

"ಆ ಕೊಳದ ಹತ್ತಿರ ನೆಲ ಜಾರ್ತದಂತೆ. ಅವಳ ಕೈ ಬಿಡ್ಬೇಡ."

"ಹೂಂ," ಎಂದ ಡಿಕ್ಸನ್.